ನಂದಿ ತಪ್ಪಲಿನ ವೈನು, ಸಂತೆಯ ಸೊಪ್ಪು: ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ?

ಸಂತೆಚೀಲ

ವೈನ್ ಬಾಟಲಿಯ ಹಿಂದಿನ ಚೀಟಿ ಓದಿದ್ದೀರಾ? ಚೀಸ್, ಪಾಸ್ತಾ, ಸುಟ್ಟ ಮಾಂಸದ ಜೊತೆ ಚೆನ್ನಾಗಿರುತ್ತದೆ ಅಂತ ಬರೆದಿರುತ್ತಾರೆ. ದ್ರಾಕ್ಷಿ ಬೆಳೆದದ್ದು ದೊಡ್ಡಬಳ್ಳಾಪುರದ ಹತ್ತಿರ, ಬಾಟಲಿ ತುಂಬಿದ್ದೂ ಅಲ್ಲೇ, ಕುಡಿಯುವವನು ಇರುವುದು ಬಸವನಗುಡಿಯಲ್ಲಿ. ಊಟ ಮಾತ್ರ ಇಟಲಿಯಿಂದ ಬರಬೇಕಂತೆ! ಇದು ಯಾವ ನ್ಯಾಯ?

ನಮ್ಮ ಮನೆಯ ವಾರದ ಸಾಮಾನು ಹೇಳುತ್ತೇನೆ. ಬೀನ್ಸು, ಹೀರೇಕಾಯಿ, ಹಣ್ಣು ಎಲ್ಲ ಹಾಪ್‌ಕಾಮ್ಸ್‌ನಿಂದ, ದರದ ಬೋರ್ಡು ನೋಡಿಕೊಂಡು. ಸೊಪ್ಪು ಮಾತ್ರ ಗಾಂಧಿ ಬಜಾರಿನಲ್ಲಿ, ಯಾಕಂದ್ರೆ ದಂಟು, ಹರಿವೆ, ಸಬ್ಬಸಿಗೆ ಬೆರೆಸಿ ಒಂದೇ ಕಟ್ಟು ಮಾಡಿ ಕೊಡುವವರು ಅಲ್ಲಿದ್ದಾರೆ. ನಾಟಿ ಟೊಮ್ಯಾಟೊ ಸಿಕ್ಕರೆ ಆ ವಾರ ಹಬ್ಬ. ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಎಲ್ಲ ಮನೆ ಬಾಗಿಲಿಗೆ ಬರುತ್ತದೆ, ಗೊತ್ತು. ಆದರೆ ಅದರಲ್ಲಿ ಬರುವುದು ಉದ್ದನೆಯ ಗಟ್ಟಿ ಹೈಬ್ರಿಡ್ಡು, ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು. ನಾಟಿ ಅಂದರೆ ಚಪ್ಪಟೆ, ಮೈಯೆಲ್ಲ ಮಡಿಕೆ, ತೊಟ್ಟಿನ ಹತ್ತಿರ ಇನ್ನೂ ಸ್ವಲ್ಪ ಹಸಿರು, ಒತ್ತಿದರೆ ಒಡೆದುಹೋಗುತ್ತದೆ. ದೂರ ಸಾಗಿಸಲು ಆಗಲ್ಲ ಅಂತ ಅಂಗಡಿಯವರು ಅದನ್ನು ಬಿಟ್ಟರು. ಸಾರಿನ ಹುಳಿ ಇರುವುದು ಅದರಲ್ಲೇ.

ಈಗ ಪ್ರಶ್ನೆ. ಬಸ್ಸಾರು, ಎಣ್ಣೆಗಾಯಿ, ಹಿತಕಿದ ಬೇಳೆ, ನಾಟಿ ಕೋಳಿ ಸಾರು, ಇವುಗಳ ಜೊತೆ ನಮ್ಮ ರಾಜ್ಯದ ವೈನ್ ಕುಡಿದು ನೋಡಿದವರು ಯಾರಿದ್ದೀರಿ? ಇಲ್ಲಿನ ವೈನ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಇಲ್ಲಿನ ತಟ್ಟೆಯ ಮುಂದೆಯೇ ಗೊತ್ತಾಗಬೇಕು ಅನ್ನೋದು ನನ್ನ ವಾದ. ಕುಡಿಯದವರೂ ಬನ್ನಿ, ಸಾಮಾನು ಎಲ್ಲಿ ತರುತ್ತೀರಿ ಅಂತ ಹೇಳಿ ಹೋಗಿ.

ಮಜ್ಜಿಗೆಪ್ರಿಯ

ಮುದ್ದೆ ಬಸ್ಸಾರಿಗೆ ವೈನಾ? ಮುದ್ದೆ ಅಗಿಯುವ ಹಾಗಿಲ್ಲ, ನುಂಗಬೇಕು. ಮಧ್ಯೆ ಗುಟುಕು ಗುಟುಕಾಗಿ ಸವಿಯಲು ಪುರುಸೊತ್ತು ಎಲ್ಲಿ? ಕೊನೆಗೆ ಒಂದು ಲೋಟ ಮಜ್ಜಿಗೆ ಸಾಕು. ಇಂಗು ಹಾಕಿದ್ದು.

ದ್ರಾಕ್ಷಿಚಪ್ಪರ

ಚಿಕ್ಕಬಳ್ಳಾಪುರ ಕಡೆಯವನು. ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿಯ ತೋಟ, ಅಪ್ಪನ ಕಾಲದಿಂದ. ವೈನ್ ವಿಷಯ ತಿಳಿದವರು ಹೇಳಲಿ, ನಾನು ಹಣ್ಣಿನ ವಿಷಯ ಹೇಳುತ್ತೇನೆ, ಏಕೆಂದರೆ ಪೇಟೆಯವರು ಪ್ರತಿ ವರ್ಷ ಅದೇ ದೂರು ಹೇಳುತ್ತಾರೆ: ಬಣ್ಣ ಚೆನ್ನಾಗಿದೆ, ಬಾಯಿಗಿಟ್ಟರೆ ಹುಳಿ.

ಬೆಂಗಳೂರು ಬ್ಲೂ ಬೇಗ ಬಣ್ಣ ತಿರುಗುತ್ತದೆ. ಕಪ್ಪಗೆ ಕಂಡ ತಕ್ಷಣ ಹಣ್ಣಾಯಿತು ಅಂತ ಅಲ್ಲ. ಬಣ್ಣ ಬಂದ ಮೇಲೂ ಬಳ್ಳಿಯಲ್ಲಿ ಬಿಡಬೇಕು, ಆಗ ಸಿಹಿ ತುಂಬುತ್ತದೆ. ಆದರೆ ಒಂದು ಮಳೆ ಬಂದರೆ ಹಣ್ಣು ಸೀಳುತ್ತದೆ, ವ್ಯಾಪಾರಿ ಬಂದು ನಿಂತಿರುತ್ತಾನೆ, ದರ ನಾಳೆ ಏನಾಗುತ್ತದೋ ಗೊತ್ತಿಲ್ಲ. ಹಾಗಾಗಿ ಕೊಯ್ದುಬಿಡುತ್ತಾರೆ. ನಾವೂ ಕೊಯ್ಯುತ್ತೇವೆ, ಸುಳ್ಳು ಯಾಕೆ ಹೇಳಲಿ.

ಕೊಳ್ಳುವಾಗ ಹೀಗೆ ನೋಡಿ. ಗೊಂಚಲಿನ ಕಡ್ಡಿ ಹಸಿರಾಗಿರಬೇಕು, ಒಣಗಿ ಕಂದು ಆಗಿದ್ದರೆ ಕೊಯ್ದು ಬಹಳ ದಿನ ಆಯಿತು. ಹಣ್ಣಿನ ಮೇಲೆ ಬೂದಿಯಂಥ ಬಿಳಿ ಪೊರೆ ಇರುತ್ತದೆ, ಔಷಧಿ ಅಂತ ಹೆದರುತ್ತಾರೆ. ಅದು ಹಣ್ಣಿನದೇ ಮೇಣ. ಬೆರಳು ತಾಗಿದ ಕಡೆ ಅಳಿಸಿ ಕಪ್ಪು ಹೊಳೆಯುತ್ತದೆ. ಆ ಪೊರೆ ಹಾಗೇ ಇದ್ದರೆ ಯಾರೂ ಜಾಸ್ತಿ ಮುಟ್ಟಿಲ್ಲ ಅಂತ ಅರ್ಥ. ಔಷಧಿ ಹೊಡೆಯುವುದೂ ನಿಜ, ಅದಕ್ಕೆ ತೊಳೆದೇ ತಿನ್ನಿ. ಒಂದು ಹಣ್ಣು ಹಿಸುಕಿ ನೋಡಿ: ಸಿಪ್ಪೆ ಬೇರೆ, ಒಳಗಿನ ತಿರುಳು ಬೇರೆಯಾಗಿ ಪುಳಕ್ಕನೆ ಹೊರಗೆ ಬರಬೇಕು. ಮಾಗಿದ್ದರೆ ಪೆಟ್ಟಿಗೆ ತೆರೆದ ಕೂಡಲೇ ವಾಸನೆ ಎದುರು ಬರುತ್ತದೆ. ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಈ ವಾಸನೆ ಎಲ್ಲಿಂದ ಬರಬೇಕು?

ನಮ್ಮ ಕಡೆ ಇದನ್ನು ಚಪ್ಪರ ಹಾಕಿ ಬೆಳೆಯುತ್ತಾರೆ, ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ಇಂಥ ಊರಿನದೇ ಬೆಳೆ ಅಂತ ಹೇಳುವ ಜಿಐ ಗುರುತೂ ಸಿಕ್ಕಿದೆ. ಗುರುತು ಸಿಕ್ಕ ಮೇಲೆ ದರ ಏರಿತಾ ಅಂತ ಕೇಳಬೇಡಿ.

ಸಂತೆಚೀಲ

@ದ್ರಾಕ್ಷಿಚಪ್ಪರ ಕೆಲಸಕ್ಕೆ ಬರುವ ಮಾತು ಅಂದರೆ ಇದು. ಹಾಗಾದರೆ ನಂದಿಯ ವೈನ್ ಈ ಬ್ಲೂನಿಂದ ಮಾಡುವುದಿಲ್ಲವಾ?

ಬಾಟಲಿತಳ

ಎರಡು ಬೇರೆ ಬೇರೆ ದ್ರಾಕ್ಷಿ, ಎರಡು ಬೇರೆ ಬೇರೆ ಲೋಕ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬ್ಲೂ ಅಮೆರಿಕದ ಇಸಬೆಲ್ಲಾ ತಳಿಯ ಕಡೆಯದು. ರಸಕ್ಕೆ, ಜಾಮಿಗೆ, ಸಿಹಿ ವೈನಿಗೆ ಚೆನ್ನ. ಅಂಗಡಿಯಲ್ಲಿ ‘ಪೋರ್ಟ್’ ಅಂತ ಸಿಗುವ ಅಗ್ಗದ ಸಿಹಿ ಕೆಂಪು ಬಾಟಲಿ ಇದೆಯಲ್ಲ, ಅದರಲ್ಲಿ ಬ್ಲೂ ಇರುವುದು ಜಾಸ್ತಿ. ಪೋರ್ಚುಗಲ್‌ನ ನಿಜವಾದ ಪೋರ್ಟ್ ಬೇರೆ, ಅಲ್ಲಿ ಹುಳಿಯುವುದನ್ನು ಅರ್ಧಕ್ಕೇ ಬ್ರಾಂಡಿ ಹಾಕಿ ನಿಲ್ಲಿಸುತ್ತಾರೆ, ಹಾಗಾಗಿ ದ್ರಾಕ್ಷಿಯದೇ ಸಿಹಿ ಉಳಿಯುತ್ತದೆ.

ಇನ್ನು ಕೆಂಪು ವೈನಿನ ಶಿರಾಜ್, ಕ್ಯಾಬರ್ನೆ, ಬಿಳಿ ವೈನಿನ ಸೊವಿನ್ಯೊನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಇವೆಲ್ಲ ಯೂರೋಪಿನ ತಳಿಗಳು. ಸಣ್ಣ ಕಾಳು, ದಪ್ಪ ಸಿಪ್ಪೆ, ತಿನ್ನಲು ಮಜಾ ಇಲ್ಲ, ಬೀಜವೇ ಬಾಯಿ ತುಂಬುತ್ತದೆ. ನಂದಿ ತಪ್ಪಲಿನಲ್ಲಿ ಇವನ್ನು ನೆಟ್ಟು ದೊಡ್ಡದಾಗಿ ಶುರು ಮಾಡಿದವರು ಗ್ರೋವರ್ ಕಂಪನಿಯವರು, 1988ರಲ್ಲಿ. ಎತ್ತರದ ಜಾಗ, ರಾತ್ರಿ ತಂಪು, ಅದರಿಂದ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ. ಹುಳಿ ಇಲ್ಲದ ವೈನ್ ಸಪ್ಪೆ. ಆಮೇಲೆ 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ವೈನ್ ಬೋರ್ಡ್ ಆಯಿತು. ಈಗ ನಂದಿಯಲ್ಲಿ ಎಸ್‌ಡಿಯು, ಹಂಪಿ ಕಡೆಯ ಗುಡ್ಡದಲ್ಲಿ ಕೃಸ್ಮಾ, ಚನ್ನಪಟ್ಟಣದಲ್ಲಿ ಹೆರಿಟೇಜ್ ಹೀಗೆ ವೈನ್ ಮಾಡುವವರು ಹಲವರಿದ್ದಾರೆ.

ಇನ್ನೊಂದು ಮಾತು. ಸಂತೆಚೀಲ ಅವರು ಹಾಪ್‌ಕಾಮ್ಸ್ ಅಂದರಲ್ಲ, ಆ ಸಂಸ್ಥೆ 1959ರಲ್ಲಿ ಶುರುವಾದದ್ದೇ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕೆಯ ಎಂ.ಎಚ್. ಮರಿಗೌಡರು ಅದರ ಹಿಂದೆ ಇದ್ದವರು. ಬೀನ್ಸು, ಹೀರೇಕಾಯಿ ಎಲ್ಲ ಆಮೇಲೆ ಸೇರಿಕೊಂಡದ್ದು.

ಈಗ ಊಟಕ್ಕೆ ಬರೋಣ. ಖಾರ ಜಾಸ್ತಿ ಇದ್ದರೆ ಆಲ್ಕೋಹಾಲು ಜಾಸ್ತಿ ಇರುವ, ಒಗರು ಜಾಸ್ತಿ ಇರುವ ಕೆಂಪು ವೈನ್ ಬೇಡ. ಬಾಯಿ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿ ಇರುವ ತಣ್ಣನೆಯ ಶೆನಿನ್ ಬ್ಲಾಂಕ್ ಖಾರವನ್ನು ತಗ್ಗಿಸುತ್ತದೆ. ಹುಣಸೆಹುಳಿ ಇರುವ ಅಡುಗೆಗೆ ವೈನಿನಲ್ಲೂ ಅಷ್ಟೇ ಹುಳಿ ಬೇಕು, ಇಲ್ಲದಿದ್ದರೆ ಸಾರಿನ ಮುಂದೆ ವೈನ್ ನೀರಾಗಿಬಿಡುತ್ತದೆ. ಹಿತಕಿದ ಬೇಳೆಗೆ ನನ್ನ ಮತ ಸೊವಿನ್ಯೊನ್ ಬ್ಲಾಂಕ್. ಅದಕ್ಕೆ ಹಸಿ ಮೆಣಸಿನಕಾಯಿ, ಹುಲ್ಲಿನ ವಾಸನೆ ಇರುತ್ತದೆ. ಡಿಸೆಂಬರ್‌ನ ಸೊಗಡಿನ ಅವರೆಕಾಯಿ, ಕೈಗೆಲ್ಲ ಎಣ್ಣೆ ಅಂಟುವಂಥದ್ದು, ಅದರ ಜೊತೆ ಕುಡಿದು ನೋಡಿ. ಎರಡರ ಹಸಿರು ವಾಸನೆಯೂ ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಮಜ್ಜಿಗೆಪ್ರಿಯ

ಅವರೆಕಾಯಿ ಸೊಗಡಿನ ವಿಷಯ ಒಪ್ಪಿದೆ. ಇಬ್ಬನಿ ಬಿದ್ದ ಮೇಲೆ ಬಂದ ಕಾಯಿಗೇ ಆ ಘಮ, ಮಾಗಡಿ ಕಡೆಯದಾದರೆ ಇನ್ನೂ ಬೇಷ್. ವೈನಿನ ವಿಷಯ ಇನ್ನೂ ಒಪ್ಪಿಲ್ಲ.

ರೊಟ್ಟಿಬುತ್ತಿ

ವಿಜಯಪುರದಿಂದ ನಮಸ್ಕಾರ ರೀ. ನೀವು ಬೆಂಗಳೂರಿನವರು ದ್ರಾಕ್ಷಿ ಅಂದ ಕೂಡಲೇ ನಂದಿ ಅಂತೀರಿ. ರಾಜ್ಯದಾಗ ದ್ರಾಕ್ಷಿ ಜಾಸ್ತಿ ಬೆಳೆಯುವುದು ನಮ್ಮಲ್ಲಿ, ತಿಕೋಟಾ ಕಡೆ ಬಂದು ನೋಡ್ರಿ, ಕಣ್ಣು ಹಾಯಿಸಿದಲ್ಲೆಲ್ಲ ತೋಟ. ಆದರೆ ನಮ್ಮ ದ್ರಾಕ್ಷಿ ವೈನ್ ಆಗುವುದು ಕಡಿಮೆ, ಹೆಚ್ಚಿನದು ಮಣೂಕ ಆಗುತ್ತದೆ. ನೀವು ಒಣದ್ರಾಕ್ಷಿ ಅಂತೀರಲ್ಲ, ಅದು.

ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತೇವೆ, ಹಣ್ಣು ಬರುವುದು ಒಂದೇ ಸಲ, ಬೇಸಿಗೆ ಶುರುವಿನಲ್ಲಿ. ಥಾಮ್ಸನ್ ಅನ್ನೋ ಬೀಜವಿಲ್ಲದ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಆಗ ಸಿಪ್ಪೆಯ ಮೇಣ ಸಡಿಲ ಆಗಿ ನೀರು ಬೇಗ ಹೊರಗೆ ಹೋಗುತ್ತದೆ. ಆಮೇಲೆ ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ ಮೇಲೆ ಹರಡುತ್ತಾರೆ. ಬಿಸಿಲಿಗೆ ಹಾಕಿದರೆ ಕಪ್ಪಾಗುತ್ತದೆ, ನೆರಳಲ್ಲಿ ಒಣಗಿದರೆ ಹಸಿರು ಉಳಿಯುತ್ತದೆ. ಹೆಚ್ಚು ಕಡಿಮೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಆ ವೇಳೆಗೆ ಅಕಾಲ ಮಳೆ ಬಂದರೆ ಮುಗೀತು, ವರ್ಷದ ದುಡಿಮೆ ಹೋಯ್ತು.

ಕಿರಾಣಿ ಅಂಗಡಿಯಲ್ಲಿ ಮಿರಿ ಮಿರಿ ಹೊಳೆಯುವ ಹಳದಿ ಒಣದ್ರಾಕ್ಷಿ ಕಂಡರೆ ಗಂಧಕದ ಹೊಗೆ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಸ್ವಲ್ಪ ಮಂಕು ಬಣ್ಣದ್ದು ತಗೊಳ್ಳಿ, ರುಚಿ ಅದರಲ್ಲೇ.

ಇನ್ನು ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಒಂದು ಮುದ್ದೆ ಬೆಣ್ಣೆ. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಹುರಿದು ಕುಟ್ಟಿ ತುಂಬುತ್ತೇವೆ, ಎಣ್ಣೆ ಮೇಲೆ ತೇಲಬೇಕು. ಇದಕ್ಕೆ ಶಿರಾಜ್ ಬಹಳ ಚಲೋ, ಆ ಹುರಿದ ಘಮಕ್ಕೂ ವೈನಿನ ಮೆಣಸಿನ ವಾಸನೆಗೂ ದೋಸ್ತಿ. ಮತ್ತೆ ಖಾರದ ಬಗ್ಗೆ @ಬಾಟಲಿತಳ ಹೇಳಿದ್ದು ಖರೆ, ಆದರೆ ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಆ ಸಮಸ್ಯೆ ಕಡಿಮೆ. ಅದರದು ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯಲ್ಲಿ ಕಡ್ಡಿ ಬೇರೆ, ಡಬ್ಬಿ ಬೇರೆ. ಡಬ್ಬಿ ಗಿಡ್ಡ, ದಪ್ಪ, ಬಣ್ಣಕ್ಕೆ ಅದೇ ರಾಜ. ಬೆಂಗಳೂರಿನ ಅಂಗಡಿಗಳಲ್ಲಿ ಬ್ಯಾಡಗಿ ಅಂತ ಕೊಡುವುದರಲ್ಲಿ ಗುಂಟೂರು ಕಡೆಯದು ಬೆರೆತಿರುತ್ತದೆ. ಮೈ ಸುಕ್ಕು ಸುಕ್ಕಾಗಿದ್ದರೆ ಬ್ಯಾಡಗಿ, ನುಣ್ಣಗಿದ್ದರೆ ಕೇಳಿ ತಗೊಳ್ಳಿ.

ಕಾಫಿತೋಟ

ಕೊಡಗಿನಿಂದ. ಪಂದಿ ಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ಕಡುಬು) ಬಗ್ಗೆ ಇನ್ನೂ ಯಾರೂ ಬಾಯಿ ಬಿಡದಿರುವುದು ಆಶ್ಚರ್ಯ.

ನಮ್ಮಲ್ಲಿ ಪಂದಿಗೆ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸು ಕಪ್ಪಗಾಗುವ ತನಕ ಹುರಿದು ಪುಡಿ ಮಾಡುತ್ತೇವೆ. ಹುಳಿಗೆ ಕಾಚಂಪುಳಿ. ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ, ಕಾಕಂಬಿಯಷ್ಟು ಕಪ್ಪು ಮಾಡಿದ್ದು. ಇಡೀ ಪಾತ್ರೆಗೆ ಒಂದೆರಡು ಚಮಚ ಸಾಕು, ಅದೂ ಕೊನೆಯಲ್ಲಿ. ಸಂತೆಯಲ್ಲಿ ಹಳೆಯ ಬಾಟಲಿಗಳಲ್ಲಿ ತುಂಬಿ ಮಾರುತ್ತಾರೆ, ಅಲುಗಾಡಿಸಿ ನೋಡಿ, ನೀರಿನಂತೆ ಕುಣಿದರೆ ಬೇಡ. ಗಾಜಿಗೆ ಅಂಟಿಕೊಂಡು ನಿಧಾನ ಇಳಿಯಬೇಕು.

ಇಂಥ ಕೊಬ್ಬು, ಹುಳಿ, ಕಪ್ಪು ಮಸಾಲೆಗೆ ಗಟ್ಟಿ ಕೆಂಪು ವೈನೇ ಸರಿ. ಕ್ಯಾಬರ್ನೆ ಶಿರಾಜ್ ಬೆರೆಸಿದ್ದು. ಕೊಬ್ಬು ಇದ್ದಾಗ ವೈನಿನ ಒಗರು ಬಾಯಿಯನ್ನು ತೊಳೆದು ಕೊಡುತ್ತದೆ, ಮುಂದಿನ ತುತ್ತಿಗೆ ಜಾಗ ಆಗುತ್ತದೆ. ಮಡಿಕೇರಿಯಲ್ಲಿ ಪ್ರವಾಸಿಗರು ಕೊಳ್ಳುವ ಮನೆ ವೈನ್ ಇದೆಯಲ್ಲ, ಹಣ್ಣು ಸಕ್ಕರೆ ಹಾಕಿದ್ದು, ಅದನ್ನು ಮಾತ್ರ ಪಂದಿಯ ಜೊತೆ ಕುಡಿಯಬೇಡಿ. ಪಾನಕ ಕುಡಿದ ಹಾಗೆ.

ಕ್ರಿಸ್‌ಮಸ್‌ಭರಣಿ

ಮನೆ ವೈನನ್ನು ಯಾಕೆ ಹಾಗೆ ಬೈಯುತ್ತೀರಿ! ನಮ್ಮ ಮನೆಯಲ್ಲಿ ಅಜ್ಜಿ ಕ್ರಿಸ್‌ಮಸ್‌ಗೆ ಬ್ಲೂ ದ್ರಾಕ್ಷಿಯಿಂದಲೇ ಮಾಡುತ್ತಿದ್ದರು. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, ಚಕ್ಕೆ ಲವಂಗ. ಭರಣಿಯಲ್ಲಿ ಹಾಕಿ ಬಟ್ಟೆ ಕಟ್ಟಿ ದಿನಾ ಮರದ ಸೌಟಿನಲ್ಲಿ ತಿರುವುದು. ಪ್ಲಮ್ ಕೇಕಿನ ಜೊತೆ, ಕುಲ್‌ಕುಲ್ ಜೊತೆ ಸಣ್ಣ ಲೋಟದಲ್ಲಿ. ಅದು ಊಟದ ವೈನ್ ಅಲ್ಲವೇ ಅಲ್ಲ, ಸಿಹಿತಿಂಡಿಯ ಜೊತೆಗಾರ. ಪಂದಿಗೆ ಯಾರು ಕುಡಿಯಲು ಹೇಳಿದರು?

ಬಾಟಲಿತಳ

@ಕ್ರಿಸ್‌ಮಸ್‌ಭರಣಿ ನಿಮ್ಮ ಮಾತು ಸರಿ, ಅಜ್ಜಿ ಸಕ್ಕರೆ ಹಾಕುತ್ತಿದ್ದುದಕ್ಕೂ ಕಾರಣ ಇದೆ. ಬ್ಲೂನಲ್ಲಿ ಹುಳಿ ಜಾಸ್ತಿ, ಸಕ್ಕರೆ ಕಡಿಮೆ. ಒಂದು ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿತರೆ ಒಂದು ಶೇಕಡಾ ಆಲ್ಕೋಹಾಲು. ಬರೀ ಹಣ್ಣಿನ ಸಕ್ಕರೆಯಲ್ಲಿ ಮಾಡಿದರೆ ತೆಳ್ಳಗಾಗಿ ಬೇಗ ಕೆಡುತ್ತದೆ.

ಇದನ್ನು ಓದಿ ಯಾರಾದರೂ ಭರಣಿ ಇಳಿಸುವ ಮುಂಚೆ: ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ಒಪ್ಪುವುದಿಲ್ಲ. ಇನ್ನು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಡುವುದು ಅಪಾಯ. ಗ್ಯಾಸ್ ಹೋಗಲು ದಾರಿ ಇಲ್ಲದೆ ಗಾಜು ಒಡೆಯುತ್ತದೆ. ಅಜ್ಜಿಯರು ಬಟ್ಟೆ ಕಟ್ಟುತ್ತಿದ್ದುದು ಸುಮ್ನೆ ಅಲ್ಲ.

ವಿಯೆನ್ನಾಕನ್ನಡತಿ

ಬ್ಲೂ, ಇಸಬೆಲ್ಲಾ ಅಂತ ನೋಡಿ ಓಡಿ ಬಂದೆ. ಇಲ್ಲಿ ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲ್ಯಾಂಡ್‌ನಲ್ಲಿ ಉಹುಡ್ಲರ್ ಅಂತ ಒಂದು ವೈನ್ ಇದೆ, ಇದೇ ಕುಲದ ದ್ರಾಕ್ಷಿಗಳಿಂದ ಮಾಡುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಹೇನು ಯೂರೋಪಿನ ಬಳ್ಳಿಗಳ ಬೇರು ತಿಂದು ಹಾಕಿದಾಗ ಅಮೆರಿಕದ ತಳಿಗಳು ತಡೆದುಕೊಂಡವು, ಹಾಗೆ ಬಂದು ಉಳಿದವು. ಸರ್ಕಾರ ಇದನ್ನು ಕೀಳು ಅಂತ ಮಾರಾಟ ನಿಷೇಧಿಸಿತ್ತು, ಹಳ್ಳಿಯವರು ಬಿಡಲಿಲ್ಲ, 1992ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಈಗ ಅದೇ ಅವರ ಹೆಮ್ಮೆ! ಲೋಟ ಮೂಗಿನ ಹತ್ತಿರ ತಂದರೆ ಕಾಡು ಸ್ಟ್ರಾಬೆರಿ ವಾಸನೆ. ನನಗೆ ಮಾತ್ರ ಬೇಸಿಗೆಯಲ್ಲಿ ಮಲ್ಲೇಶ್ವರದ ಹಣ್ಣಿನ ಗಾಡಿಯ ಮುಂದೆ ನಿಂತ ಹಾಗೆ ಅನಿಸುತ್ತದೆ.

ಇಲ್ಲಿ ಇನ್ನೊಂದು ಪದ್ಧತಿ ಇದೆ. ದ್ರಾಕ್ಷಿ ಬೆಳೆಯುವವರು ತಮ್ಮ ಮನೆಯಲ್ಲೇ ತಮ್ಮ ವೈನನ್ನು ಮಾರಬಹುದು, ಬಾಗಿಲಿಗೆ ಹಸಿರು ಕೊಂಬೆ ಕಟ್ಟುತ್ತಾರೆ, ಕಟ್ಟಿದ್ದರೆ ಇವತ್ತು ತೆರೆದಿದೆ ಅಂತ. 1784ರಲ್ಲಿ ಎರಡನೆಯ ಜೋಸೆಫ್ ದೊರೆ ಕೊಟ್ಟ ಅಪ್ಪಣೆ, ಇನ್ನೂ ನಡೆಯುತ್ತಿದೆ. ಬ್ರೆಡ್ಡು, ಹಂದಿ ಮಾಂಸದ ತಣ್ಣನೆ ತುಂಡು, ಉಪ್ಪಿನಕಾಯಿ, ಅಷ್ಟೇ ಊಟ. ಚಿಕ್ಕಬಳ್ಳಾಪುರದಲ್ಲಿ ಚಪ್ಪರದ ಕೆಳಗೆ ಹೀಗೆ ಕೂರಿಸಿ ಊಟ ಹಾಕಿದರೆ ನಾನು ರಜೆಗೆ ಬಂದಾಗ ಮೊದಲು ಅಲ್ಲಿಗೇ.

ದ್ರಾಕ್ಷಿಚಪ್ಪರ

@ವಿಯೆನ್ನಾಕನ್ನಡತಿ ಕೇಳಲು ಚೆನ್ನಾಗಿದೆ ಅಕ್ಕಾ. ಚಪ್ಪರದ ಕೆಳಗೆ ಊಟ ಬೇಕಾದರೆ ಇವತ್ತೇ ಹಾಕುತ್ತೇನೆ, ಮುದ್ದೆ ಉಪ್ಸಾರು. ವೈನ್ ಮಾರಲು ಲೈಸೆನ್ಸ್ ಯಾರು ಕೊಡುತ್ತಾರೆ? ಆದರೂ ನಮ್ಮ ಹಣ್ಣಿನ ಕುಲದವರು ಅಷ್ಟು ದೂರದಲ್ಲಿ ಮರ್ಯಾದೆ ಗಳಿಸಿದ್ದಾರೆ ಅಂತ ಕೇಳಿ ಖುಷಿಯಾಯಿತು, ಅಪ್ಪನಿಗೆ ಓದಿ ಹೇಳಿದೆ.

ಕಹಿಬೇವು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಕಹಿ ಮಾತಾಡಲಾ? ಊರಿನದು ಅಂತ ಕೆಟ್ಟದ್ದನ್ನೂ ಕುಡಿಯಬೇಕಾ? ನಮ್ಮ ಬಡಾವಣೆಯ ಅಂಗಡಿಯಲ್ಲಿ ವೈನ್ ಬಾಟಲಿಗಳನ್ನು ಕಿಟಕಿಯಲ್ಲಿ ಬಿಸಿಲಿಗೆ ನಿಲ್ಲಿಸಿರುತ್ತಾರೆ, ಅಲಂಕಾರಕ್ಕೆ. ಮನೆಗೆ ತಂದು ತೆರೆದರೆ ಬೇಯಿಸಿದ ಹಣ್ಣಿನ ವಾಸನೆ. ಇಂಥದ್ದು ಕುಡಿದವರು ನಮ್ಮ ವೈನೇ ಹಿಂಗೆ ಅಂತ ತೀರ್ಮಾನ ಮಾಡಿದರೆ ತಪ್ಪೇನು? ಬೆಲೆಯೂ ಕಡಿಮೆ ಏನಿಲ್ಲ. ಆ ದುಡ್ಡಿಗೆ ಒಂದು ವಾರದ ತರಕಾರಿ ಬರುತ್ತದೆ.

ಬಾಟಲಿತಳ

@ಕಹಿಬೇವು ದೂರು ನ್ಯಾಯವಾದದ್ದು. ಕಿಟಕಿಯ ಬಾಟಲಿ ತಗೋಬೇಡಿ, ಒಳಗಿನ ಕಪಾಟಿನಿಂದ ಮಲಗಿಸಿಟ್ಟದ್ದನ್ನು ಕೇಳಿ. ಕಾರ್ಕು ಮೇಲಕ್ಕೆ ಉಬ್ಬಿದ್ದರೆ, ಬಾಯಿಯ ಹತ್ತಿರ ಅಂಟಂಟಾಗಿದ್ದರೆ ಬಿಸಿ ತಿಂದಿದೆ ಅಂತ. ಬಿಳಿ ವೈನಾದರೆ ತೀರಾ ಹಳೆಯ ವರ್ಷದ್ದು ಬೇಡ. ಕೆಂಪು ವೈನನ್ನು ಮನೆಯ ಬಿಸಿಗೇ ಕುಡಿಯಬೇಕು ಅನ್ನೋದು ಚಳಿ ದೇಶದ ಲೆಕ್ಕ, ಅಲ್ಲಿನ ಕೋಣೆ 16ರಿಂದ 18 ಡಿಗ್ರಿ ಇರುತ್ತಿತ್ತು. ಏಪ್ರಿಲ್‌ನ ಬೆಂಗಳೂರಿನಲ್ಲಿ ಊಟಕ್ಕೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿಗೆ ಹಾಕಿ. ಕಲಬುರಗಿಯಲ್ಲಾದರೆ ಹೆಚ್ಚು ಹೊತ್ತು.

ಮೀನುಮಾರ್ಕೆಟ್

ಮಂಗಳೂರು ಹಾಜರ್. ಬಂಗುಡೆ ಪುಳಿಮುಂಚಿಗೆ ವೈನ್ ಹುಡುಕುವುದು ಕಷ್ಟ, ಹುಳಿ ಖಾರ ಎರಡೂ ತುದಿಯಲ್ಲಿರುತ್ತದೆ, ನಾನು ಬಿಟ್ಟುಬಿಟ್ಟೆ. ಆದರೆ ರವೆ ಹಚ್ಚಿ ಕಾಯಿಸಿದ ಕಾಣೆ ಮೀನು, ಜೊತೆಗೆ ತಣ್ಣಗಿನ ಗುಳ್ಳೆ ಬರುವ ವೈನ್, ಇದನ್ನು ಒಮ್ಮೆ ನೋಡಿ. ಗರಿಗರಿ ರವೆ, ಎಣ್ಣೆ, ಗುಳ್ಳೆ. ಕೋರಿ ರೊಟ್ಟಿಗೆ ತೆಂಗಿನಕಾಯಿ ಹಾಲಿನ ಗಸಿ ಇರುವುದರಿಂದ ಶೆನಿನ್ ಪರವಾಗಿಲ್ಲ. ಕಾಣೆ ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ಮಾತ್ರ. ಜೂನ್‌ನಿಂದ ಜುಲೈ ಕೊನೆಯ ತನಕ ಯಾಂತ್ರಿಕ ದೋಣಿ ಇಳಿಯುವುದಿಲ್ಲ, ಆಗ ಮಂಜುಗಡ್ಡೆ ಮೀನನ್ನು ತಾಜಾ ಅಂತ ಮಾರುವವರಿಂದ ದೂರ ಇರಿ.

ಸಂತೆಚೀಲ

ಬಸ್ಸಾರಿಗೆ ಯಾವುದು ಅಂತ ಯಾರೂ ಹೇಳಲಿಲ್ಲ ಅಲ್ವಾ! ನಾನು ಈ ವಾರ ಶೆನಿನ್ ಬ್ಲಾಂಕ್ ಇಟ್ಟು ನೋಡಿದೆ. ಸೊಪ್ಪು ಬೇಯಿಸಿದ ಕಟ್ಟಿನ ಸಾರು, ಬೆಳ್ಳುಳ್ಳಿ ಒಗ್ಗರಣೆ. ಚೆನ್ನಾಗಿ ಹೊಂದಿತು, ಮುದ್ದೆ ನುಂಗಿ ಆದ ಮೇಲೆ ಪಲ್ಯವನ್ನು ನಂಚಿಕೊಂಡು ನಿಧಾನವಾಗಿ ಕುಡಿಯಬೇಕು ಅಷ್ಟೇ. @ಮಜ್ಜಿಗೆಪ್ರಿಯ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅಂದಹಾಗೆ ಅರ್ಧ ಬಾಟಲಿ ಉಳಿದಿದೆ, ಏನು ಮಾಡಲಿ?

ಬಾಟಲಿತಳ

ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನ ಏನೂ ಆಗಲ್ಲ. ಅದಕ್ಕೂ ಮೀರಿದರೆ ನಿಧಾನವಾಗಿ ವಿನೆಗರ್ ಕಡೆ ತಿರುಗುತ್ತದೆ, ಅಡುಗೆಗೆ ಬಳಸಬಹುದು.

ಮಜ್ಜಿಗೆಪ್ರಿಯ

ಹಾಗಾದರೆ ಕಾಚಂಪುಳಿ ಸಿಗದಿದ್ದಾಗ ಹುಳಿತ ವೈನನ್ನೇ ಪಂದಿ ಕರಿಗೆ ಹಾಕಬಹುದಲ್ಲ? ದುಡ್ಡೂ ಉಳಿಯಿತು.

ಕಾಫಿತೋಟ

ಹಾಕಿ, ಯಾರು ಬೇಡ ಅಂದರು. ಅದನ್ನು ಪಂದಿ ಕರಿ ಅಂತ ಕರೆದು ನಮ್ಮ ಮನೆಗೆ ಮಾತ್ರ ತರಬೇಡಿ.